ಕ್ಯಾಲೆಂಡರಿನ ಹಿಂಬದಿಯ ಕಿವಿ

ಹಳೆಯ ವರ್ಷದ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಸೊಸೆ ಅದನ್ನು ನನಗೆ ಬಿಟ್ಟುಕೊಟ್ಟಿರುವುದು ಹಿರಿಯರೆಂಬ ಗೌರವದಿಂದಲೋ, ಬೇರೆ ಯಾವ ಕೆಲಸಕ್ಕೂ ಇವರು ಒದಗುವುದಿಲ್ಲ ಎಂಬ ಅನುಭವದಿಂದಲೋ, ನಾನು ವಿಚಾರಿಸಲು ಹೋಗಿಲ್ಲ. ಈ ಸಲ ಇಳಿಸಿದ್ದು ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಒಳ್ಳೆಯ ದಪ್ಪ ಹಾಳೆ. ತಿರುಗಿಸಿದರೆ ಹಿಂಬದಿಯಲ್ಲಿ ಒಂದು ಅಕ್ಷರವೂ ಇಲ್ಲ. ಮೂವತ್ತು ಚಿಲ್ಲರೆ ವರ್ಷ ಮೇಷ್ಟ್ರಾಗಿದ್ದವನ ಕೈಗೆ ಅಂಥ ಕಾಗದ ಸಿಕ್ಕಿದರೆ ಏನಾದರೂ ಬರೆಯದೆ ಬಿಡುವುದಿಲ್ಲ. ಬರೆಯುವುದಕ್ಕೆ ನನ್ನ ಹತ್ತಿರ ಒಂದು ದೂರೂ ಸಿದ್ಧವಾಗಿತ್ತು.

ದೂರು ಕಾಫಿಯದು. ಮಗ, ಸೊಸೆ ಇಬ್ಬರೂ ಚಿಕ್ಕಬಳ್ಳಾಪುರದ ನಮ್ಮ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಕೆಲಸಕ್ಕೆ ಹೋಗಿಬರುತ್ತಾರೆ. ಅವರು ಹೊರಟ ಮೇಲೆ ಮನೆಯಲ್ಲಿ ನಾನು ಮತ್ತು ಅಡುಗೆಗೆ ಬರುವ ಲಕ್ಷ್ಮೀದೇವಮ್ಮ, ಇಬ್ಬರೇ. ನಾನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಕಾಫಿ ಮೇಜಿನ ಮೇಲಿರಬೇಕೆಂಬುದು ನನ್ನ ಆಸೆ. ಇರುವುದಿಲ್ಲ. ಒಂದು ದಿನ ಟವೆಲ್ಲು ಮರೆತು ಹಿಂದಿರುಗಿದಾಗ ಕಾರಣ ಕಣ್ಣಿಗೆ ಬಿತ್ತು. ಆಕೆ ಹಾಲಿನ ಪಾತ್ರೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಒಲೆ ಹಚ್ಚಿರಲಿಲ್ಲ. ಮಾರನೆಯ ದಿನ ಬೇಕೆಂದೇ ಟವೆಲ್ಲು ಮರೆತೆ. ಆವತ್ತೂ ಹಾಗೆಯೇ ನಿಂತಿದ್ದಳು.

ಆದ್ದರಿಂದ ಕ್ಯಾಲೆಂಡರಿನ ಹಿಂಬದಿಯಲ್ಲಿ ಆಕೆಯ ಬೆಳಗಿನ ಕೆಲಸಗಳನ್ನೆಲ್ಲ ಒಂದೊಂದು ಚೌಕದೊಳಗೆ ಬರೆದು, ಚೌಕದಿಂದ ಚೌಕಕ್ಕೆ ಬಾಣ ಎಳೆಯುತ್ತ ಕೂತೆ. ಪಾತ್ರೆ ತೊಳೆಯುವುದು. ಹಾಲು ತೆಗೆದಿಡುವುದು. ಡಿಕಾಕ್ಷನ್‌ಗೆ ನೀರು ಹಾಕುವುದು. ನಾಲ್ಕನೆಯ ಚೌಕದಲ್ಲಿ, ದುಂಡಗಿನ ಅಕ್ಷರದಲ್ಲಿ, "ಸುಮ್ಮನೆ ನಿಲ್ಲುವುದು, ಐದು ನಿಮಿಷ" ಎಂದು ಬರೆದೆ. ಬರೆದ ಮೇಲೆ ಪೆನ್ಸಿಲು ಮುಂದಕ್ಕೆ ಹೋಗಲಿಲ್ಲ. ಆ 'ಸುಮ್ಮನೆ'ಯನ್ನು ನಾನು ಹಿಂದೆ ಒಮ್ಮೆ ಹೀಗೆಯೇ, ಇಂಥದೇ ಚೌಕದೊಳಗೆ, ಇದೇ ದುಂಡು ಅಕ್ಷರದಲ್ಲಿ ಬರೆದಿದ್ದೆ. ಅದರಿಂದ ಅಶ್ವತ್ಥ ಮಾವನ ಮದುವೆ ಮುರಿದುಬೀಳುವುದರಲ್ಲಿತ್ತು.

ನಿಮಗೆ ಅಶ್ವತ್ಥ ಮಾವನ ಪರಿಚಯ ಮಾಡಿಸದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ತಾಯಿಯ ಕೊನೆಯ ತಮ್ಮ, ನನಗಿಂತ ಐದೇ ವರ್ಷಕ್ಕೆ ದೊಡ್ಡವನು. ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯಲ್ಲಿ ಅವರದು ಎರಡು ಬಾವಿಯ ಜಮೀನು. ಒಂದು ಬಾವಿಯ ಕೆಳಗೆ ರಾಗಿ, ಇನ್ನೊಂದರ ಕೆಳಗೆ ಹಿಪ್ಪುನೇರಳೆ. ಅಣ್ಣಂದಿರು ಹೊಲ ನೋಡಿಕೊಂಡರು. ಮಾವ ಬೆಂಗಳೂರಿನಲ್ಲಿ ಡಿಪ್ಲೊಮಾ ಓದಿ ಅಲ್ಲೇ ಒಂದು ಕಾರ್ಖಾನೆ ಸೇರಿದ. ಕೆಲಸ ಏನೆಂದರೆ, ಬೇರೆಯವರು ಕೆಲಸ ಮಾಡುವುದನ್ನು ಕೈಯಲ್ಲಿ ಗಡಿಯಾರ ಹಿಡಿದುಕೊಂಡು ನಿಂತು ನೋಡುವುದು, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಬರೆಯುವುದು, ಯಾವುದನ್ನು ಬಿಟ್ಟರೆ ಕೆಲಸ ಬೇಗ ಆಗುತ್ತದೆಂದು ಹೇಳುವುದು. ಮೂರು ವರ್ಷ ಮಾಡಿದ. ಐವತ್ತರ ದಶಕ ಮುಗಿಯುತ್ತ ಬಂದಾಗ ಟ್ರಂಕು ಹೊತ್ತುಕೊಂಡು ಊರಿಗೆ ವಾಪಸು ಬಂದುಬಿಟ್ಟ.

"ಯಾಕೆ ಮಾವ, ಚೆನ್ನಾಗಿತ್ತಲ್ಲ ಕೆಲಸ?" ಅಂದೆ.

"ಕೆಲಸ ಚೆನ್ನಾಗಿತ್ತು ಕಣೋ. ಆದ್ರೆ ಗಡಿಯಾರ ಹಿಡ್ಕೊಂಡು ನಿಂತೋನ ಪಕ್ಕ ಯಾರೂ ಊಟಕ್ಕೆ ಕೂರಲ್ಲ. ಮೂರು ವರ್ಷ ಒಬ್ನೇ ಬುತ್ತಿ ಬಿಚ್ಚಿದೀನಿ."

ಊರಿಗೆ ಬಂದವನು ಹೊಲಕ್ಕೆ ಇಳಿಯಲಿಲ್ಲ. ಅದೇ ಕೆಲಸವನ್ನು ನಮ್ಮ ಸೀಮೆಯಲ್ಲಿ ಮಾಡುತ್ತೇನೆಂದು ಹೊರಟ. ರೇಷ್ಮೆ ಬಿಚ್ಚುವ ಮನೆ, ಎಣ್ಣೆ ಮಿಲ್ಲು, ಮಂಡಕ್ಕಿ ಪುರಿ ಹುರಿಯುವ ಭಟ್ಟಿ, ಆಲೂಗಡ್ಡೆ ಮಂಡಿ, ಎಲ್ಲಿ ಹತ್ತು ಜನ ಸೇರಿ ಒಂದು ಕೆಲಸ ಮಾಡುತ್ತಾರೋ ಅಲ್ಲಿ ಹೋಗಿ ನೋಡಿ, ಅದನ್ನು ಹೀಗೆ ಮಾಡಿದರೆ ಸಲೀಸು ಎಂದು ಬರೆದುಕೊಡುವುದು. ಇಂಥದೊಂದು ಉದ್ಯೋಗ ಉಂಟೆಂದು ಚಿಂತಾಮಣಿ ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚಿನ ಕಷ್ಟ ನಮ್ಮ ಅಜ್ಜಿಗೆ, ಅಂದರೆ ಮಾವನ ತಾಯಿಗೆ. ಮಗನಿಗೆ ಹೆಣ್ಣು ನೋಡುತ್ತಿದ್ದವರು ಅವರು.

"ಹುಡುಗ ಏನ್ ಮಾಡ್ತಾನೆ ಅಂದ್ರೆ ಏನಂತ ಹೇಳ್ಲೋ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಶಿಡ್ಲಘಟ್ಟದಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದೆ. ನನಗೆ ಎಲ್ಲ ಗೊತ್ತಿರುತ್ತದೆಂಬ ನಂಬಿಕೆ ಆಕೆಗೆ.

"ಬೇರೆಯವರು ಹೆಂಗೆ ಕೆಲಸ ಮಾಡ್ಬೇಕು ಅಂತ ಹೇಳ್ತಾನೆ ಅನ್ನಜ್ಜಿ."

"ಅದನ್ನ ನಮ್ಮ ಬೀದೀಲಿ ಎಲ್ರೂ ಮಾಡ್ತಾರೆ. ಇವನು ಏನ್ ಮಾಡ್ತಾನೆ?"

ಮಾವ ನನ್ನ ಜೊತೆ ಶಿಡ್ಲಘಟ್ಟದ ಬಾಡಿಗೆ ಕೋಣೆಯಲ್ಲೇ ಇಳಿದುಕೊಂಡ. ಅವನ ಕೈಬರಹ ಅವನಿಗೇ ಓದಲು ಬರುತ್ತಿರಲಿಲ್ಲ. ನನ್ನ ಅಕ್ಷರ ದುಂಡಗೆ ಮುದ್ದಾಗಿತ್ತು. ಹೇಳಿಕೊಳ್ಳಲು ನನ್ನಲ್ಲಿ ಆಗ ಇದ್ದದ್ದು ಅದೊಂದೇ, ಆದ್ದರಿಂದ ತುಂಬಾ ಹೇಳಿಕೊಳ್ಳುತ್ತಿದ್ದೆ. ಮಾವನ ನೋಟ್‌ಬುಕ್ಕಿನಲ್ಲಿ ಇದ್ದುದನ್ನು ದೊಡ್ಡ ಹಾಳೆಗೆ ಇಳಿಸುವ ಭಾರ ನನ್ನ ಮೇಲೆ ಬಿತ್ತು. ಅಷ್ಟು ದೊಡ್ಡ ಹಾಳೆ ಎಲ್ಲಿಂದ ತರುವುದು? ಅಂಗಡಿಗಳಿಂದ ಹಳೆಯ ಕ್ಯಾಲೆಂಡರು ಬೇಡಿ ತಂದು ಬೆನ್ನಿನ ಮೇಲೆ ಬರೆಯುತ್ತಿದ್ದೆವು. ಒಂದೊಂದು ಕೆಲಸಕ್ಕೆ ಒಂದು ಚೌಕ, ಚೌಕದ ಕೆಳಗೆ ಹಿಡಿಯುವ ಹೊತ್ತು, ಮುಂದಿನ ಕೆಲಸಕ್ಕೆ ಬಾಣ. ಮುಂಬದಿಯಲ್ಲಿ ಲಕ್ಷ್ಮಿ, ಸರಸ್ವತಿ. ಹಿಂಬದಿಯಲ್ಲಿ ಚಿಂತಾಮಣಿಯ ಪುರಿ ಭಟ್ಟಿ. ಜನ ಅದಕ್ಕೆ ಚಾರ್ಟು ಎಂದರು, ಮಾವ ಚಾರ್ಟು ಅಶ್ವತ್ಥಪ್ಪನಾದ. ಅಜ್ಜಿಗೆ ಈ ಹೆಸರು ಒಂದಿಷ್ಟೂ ಹಿಡಿಸಲಿಲ್ಲ.

ಹೀಗಿರುವಾಗ ಶಿಡ್ಲಘಟ್ಟದಲ್ಲೇ ಒಂದು ಸಂಬಂಧ ಕೂಡಿಬರುವ ಹಾಗೆ ಕಂಡಿತು. ನಾರಾಯಣಪ್ಪನವರು ಎಂದು, ಹದಿನಾರು ಒಲೆಯ ರೇಷ್ಮೆ ಬಿಚ್ಚುವ ಮನೆ ಇಟ್ಟುಕೊಂಡಿದ್ದರು. ಮಗಳು ರತ್ನಮ್ಮ ಎಸ್ಸೆಸ್ಸೆಲ್ಸಿ ಓದಿ, ತಂದೆಯ ಜೊತೆ ಅಲ್ಲಿಯ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಹೆಣ್ಣು ನೋಡುವ ಶಾಸ್ತ್ರಕ್ಕೆ ನಾನೂ ಹೋಗಿದ್ದೆ. ಮಾವ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಕೂತವನು, ತಟ್ಟೆಗಳು ಒಳಗಿನಿಂದ ಯಾವ ಕ್ರಮದಲ್ಲಿ ಬರುತ್ತಿವೆ ಎಂದು ನೋಡುತ್ತಿದ್ದ. ಹುಡುಗಿಯನ್ನು ನೋಡಿದ್ದು ಕಡೆಯಲ್ಲಿ. ನೋಡಿದ ಮೇಲೆ ಉಪ್ಪಿಟ್ಟು ತಿನ್ನಲಿಲ್ಲ. ಅಷ್ಟರಿಂದಲೇ ನನಗೆ ವಿಷಯ ಗೊತ್ತಾಯಿತು.

ನಾರಾಯಣಪ್ಪನವರು ನೇರ ಮನುಷ್ಯ. "ಜಮೀನು ನೋಡಿದೀನಿ, ಮನೆತನ ಗೊತ್ತು. ಹುಡುಗನ ಕೆಲ್ಸ ಮಾತ್ರ ಏನು ಅಂತ ನಂಗೆ ತಿಳೀಲಿಲ್ಲ ಕಣಮ್ಮ" ಎಂದು ಅಜ್ಜಿಗೆ ಹೇಳಿದರು. "ನಮ್ಮನೇಲೆ ಹದಿನಾರು ಒಲೆ ಐತೆ. ಅಲ್ಲೇ ಮಾಡಿ ತೋರಿಸ್ಲಿ. ಒಪ್ಪಿಗೆ ಆದ್ರೆ ಮುಂದಿನ ಮಾತು."

ಮಾವನ ಮುಖ ನೀವು ನೋಡಬೇಕಿತ್ತು. ಹುಡುಗಿಗಿಂತ ಹೆಚ್ಚಾಗಿ ಅವನಿಗೆ ಆ ಹದಿನಾರು ಒಲೆಗಳ ಮೇಲೆ ಮನಸ್ಸಾಯಿತೋ ಎಂದು ನಾನು ಕೋಣೆಗೆ ಬಂದ ಮೇಲೆ ಕೆಣಕಿದೆ. "ಎರಡೂ ಒಂದೇ ಕಣೋ" ಅಂದ. ಅಂದ ಮೇಲೆ ಗಂಭೀರವಾದ. ಇದು ನಡೆಯದಿದ್ದರೆ ತನ್ನ ಕೆಲಸಕ್ಕೆ ಈ ಸೀಮೆಯಲ್ಲಿ ಬೆಲೆಯಿಲ್ಲವೆಂದೇ ಅರ್ಥ, ಮತ್ತೆ ಬೆಂಗಳೂರಿಗೆ ಹೋಗಿ ಒಬ್ಬನೇ ಬುತ್ತಿ ಬಿಚ್ಚಬೇಕು, ಎಂದ.

ಶಿಡ್ಲಘಟ್ಟದಲ್ಲಿ ಓಡಾಡಿದವರಿಗೆ ರೇಷ್ಮೆ ಬಿಚ್ಚುವ ಮನೆಯ ವಾಸನೆ ಹೇಳಿಕೊಡಬೇಕಾಗಿಲ್ಲ. ಓಡಾಡದವರಿಗೆ ಹೇಳಿಯೂ ಪ್ರಯೋಜನವಿಲ್ಲ. ಸಂತೆಯಿಂದ ತಂದ ರೇಷ್ಮೆ ಗೂಡುಗಳನ್ನು ಕುದಿಯುವ ನೀರಿಗೆ ಹಾಕುತ್ತಾರೆ. ಗೂಡು ಮೆತ್ತಗಾಗಿ ಎಳೆ ಬಿಡುತ್ತದೆ. ಏಳೆಂಟು ಎಳೆ ಸೇರಿಸಿ ಚರಕಕ್ಕೆ ಸುತ್ತುತ್ತಾರೆ. ಅಷ್ಟೂ ಹೊತ್ತು ಹೆಂಗಸರ ಬೆರಳು ಬಿಸಿನೀರಿನಲ್ಲೇ. ನಾರಾಯಣಪ್ಪನವರಲ್ಲಿ ಇಂಥ ಹದಿನಾರು ಹೆಂಗಸರು. ಎಲ್ಲರಿಗಿಂತ ಹಳಬಳು ಖಮರ್‌ಬೀ; ಬಾಗಿಲ ಪಕ್ಕದ ಮೊದಲನೆಯ ಒಲೆ ಆಕೆಯದು.

ಮಾವ ಗಡಿಯಾರ ಹಿಡಿದು ಆರು ದಿನ ನಿಂತು ನೋಡಿದ. ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಜನ ಇದ್ದಂತೆ ಇರುವುದಿಲ್ಲ, ನೋಡುವುದೇ ಸಾಕು, ಎಂದು ಕಾರ್ಖಾನೆಯಲ್ಲಿ ಅವನಿಗೆ ಕಲಿಸಿದ್ದರು. ಆರನೆಯ ದಿನ ಕೋಣೆಗೆ ಬಂದು ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟ. ನಾನು ಒಂದೊಂದಾಗಿ ಚೌಕಕ್ಕೆ ಇಳಿಸಿದೆ. ಬುಟ್ಟಿ ಇಳಿಸುವುದು. ಕಲೆ ಇರುವ ಗೂಡು ಆರಿಸುವುದು. ಆಮೇಲೆ ಖಮರ್‌ಬೀ ಮಾಡುವ ಒಂದು ಕೆಲಸ ಬಂತು. ಆಕೆ ಗೂಡುಗಳನ್ನು ಹಿಡಿ ಹಿಡಿಯಾಗಿ ಎತ್ತಿ, ಕಿವಿಯ ಹತ್ತಿರ ತಂದು, ಅಲ್ಲಾಡಿಸಿ, ಮತ್ತೆ ಬುಟ್ಟಿಗೆ ಬಿಡುವಳು. ನಡುನಡುವೆ ಒಂದೆರಡನ್ನು ಪಕ್ಕಕ್ಕೆ ಎಸೆಯುವಳು. ಆಕೆಯ ಕೈ ದಾಟಿದ ಮೇಲೇ ಬುಟ್ಟಿ ಉಳಿದ ಒಲೆಗಳಿಗೆ ಹೋಗುವುದು. ಮಾವನ ನೋಟ್‌ಬುಕ್ಕಿನಲ್ಲಿ "ಗೂಡು ಅಲ್ಲಾಡಿಸುವುದು, ಒಂದು ಬುಟ್ಟಿಗೆ ಹತ್ತು ನಿಮಿಷ" ಎಂದಷ್ಟೇ ಇತ್ತು. ನಾನೂ ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿದ್ದೆನಲ್ಲ; ಮುದುಕಿಗೆ ಅದೊಂದು ಅಭ್ಯಾಸ ಎಂದು ತೀರ್ಮಾನಿಸಿದ್ದೆ. ಚೌಕದೊಳಗೆ ಜಾಗವೂ ಮಿಕ್ಕಿತ್ತು. "ಗೂಡು ಸುಮ್ಮನೆ ಅಲ್ಲಾಡಿಸುವುದು" ಎಂದು ಬರೆದೆ. ಸಾಲು ತುಂಬಿ ಚೆನ್ನಾಗಿ ಕಂಡಿತು.

ಮಾವ ಮಾರನೆಯ ಬೆಳಿಗ್ಗೆ ಚಾರ್ಟನ್ನು ನಾರಾಯಣಪ್ಪನವರ ಅಂಗಳದ ಗೋಡೆಗೆ ಹಚ್ಚಿ ಕೆಂಪು ಪೆನ್ಸಿಲು ಹಿಡಿದು ನಿಂತ. ಯಾವುದನ್ನು ತೆಗೆಯಬಹುದೆಂದು ಹುಡುಕುತ್ತಿದ್ದ ಕಣ್ಣು ಆ ಚೌಕದ ಮೇಲೆ ನಿಂತಿತು. ಸ್ವಲ್ಪ ಹೊತ್ತು ನೋಡಿ, ಅಡ್ಡಗೆರೆ ಎಳೆದುಬಿಟ್ಟ.

ಹೊಸ ಪದ್ಧತಿ ಶುರುವಾಯಿತು. ಬುಟ್ಟಿಗಳು ಖಮರ್‌ಬೀಯ ಒಲೆಗೆ ನಿಲ್ಲದೆ ಸೀದಾ ಎಲ್ಲ ಒಲೆಗಳಿಗೂ ಹೋದವು. ಮೊದಲ ಎರಡು ದಿನ ಸಂಜೆಯ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ನಾರಾಯಣಪ್ಪನವರು ನಮ್ಮನ್ನು ಊಟಕ್ಕೆ ಕರೆದರು, ಹೋಳಿಗೆ ಹಾಕಿಸಿದರು. ಅಜ್ಜಿಗೆ ಕಾಗದ ಬರೆದೆ. ಮೂರನೆಯ ದಿನ ಮಳೆಗೆ ಸಿಕ್ಕಿದ್ದ ಗೂಡು ಬಂತು. ಹೊತ್ತೇರುವುದರೊಳಗೆ ಹದಿನಾರು ಒಲೆಯ ನೀರೂ ಕಪ್ಪಗಾಗಿ ನಾರಲು ಶುರುವಾಯಿತು. ಎಳೆ ಹಿಡಿದಲ್ಲೆಲ್ಲ ಕಿತ್ತುಬಂತು. ಸುತ್ತಿದ ನೂಲಿನ ಮೇಲೆ ಕಂದು ಕಲೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಚರಕಗಳೆಲ್ಲ ನಿಂತಿದ್ದವು. ನಾರಾಯಣಪ್ಪನವರು ಅಂಗಳದಲ್ಲಿ ನಿಂತು ಕಲೆಯಾದ ನೂಲನ್ನು ಮಾವನ ಮುಖದ ಮುಂದೆ ಹಿಡಿದಿದ್ದರು.

"ಏಂದಯ್ಯಾ ಇದಿ?" ಸಿಟ್ಟು ಬಂದರೆ ಅವರ ಬಾಯಲ್ಲಿ ತೆಲುಗೇ ಬರುವುದು. "ಇಪ್ಪತ್ತು ವರ್ಷದಲ್ಲಿ ನಮ್ಮನೇಲಿ ಹಿಂಗಾಗಿಲ್ಲ. ಸಂಬಂಧದ ಮಾತು ಇಲ್ಲಿಗೆ ಬಿಡಿ. ನಿಮ್ಮ ತಾಯಿಗೆ ನಾನೇ ಹೇಳಿ ಕಳಿಸ್ತೀನಿ."

ಮಾವ ತಲೆ ಬಗ್ಗಿಸಿ, "ತಪ್ಪು ನಂದು" ಅಂದ.

ನಾನು ಪಕ್ಕದಲ್ಲೇ ನಿಂತಿದ್ದೆ. 'ಸುಮ್ಮನೆ' ನನ್ನದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಯಿ ಬರಲಿಲ್ಲ. ಊರಿನ ಮೇಷ್ಟ್ರು, ನಾಲ್ಕು ಜನರ ಎದುರು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆನೆಂದು ನೆನಪು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮಾತಾಡಿದವಳು ರತ್ನಮ್ಮ. ಒಳಬಾಗಿಲಲ್ಲಿ ನಿಂತಿದ್ದವಳು ಚಾರ್ಟಿನ ಹತ್ತಿರ ಬಂದು ಓದತೊಡಗಿದಳು. ಓದಿ, ಕೆಂಪು ಗೆರೆಯ ಮೇಲೆ ಬೆರಳಿಟ್ಟು ಮಾವನ ಕಡೆ ತಿರುಗಿದಳು.

"ಖಮರ್‌ಬೀ ಯಾಕೆ ಅಲ್ಲಾಡಿಸ್ತಾಳೆ ಅಂತ ಅವಳನ್ನ ಕೇಳಿದ್ರಾ?"

"ಇಲ್ಲ" ಅಂದ ಮಾವ.

"ಆರು ದಿನ ಪಕ್ಕದಲ್ಲೇ ನಿಂತಿದ್ರಿ. ಒಂದು ಮಾತು ಕೇಳೋಕೆ ಆಗ್ಲಿಲ್ವಾ?"

ಆಕೆಯೇ ಖಮರ್‌ಬೀಯನ್ನು ಕರೆದಳು. ಖಮರ್‌ಬೀ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬುಟ್ಟಿಯಿಂದ ಎರಡು ಗೂಡು ತೆಗೆದು ಮಾವನ ಕೈಯಲ್ಲಿಟ್ಟಳು. "ಕಿವಿ ಹತ್ರ ಹಿಡೀರಿ ಸಾಮಿ. ಇದು ಮಾತಾಡ್ತದೆ, ಒಳ್ಳೇದು. ಇದು ಗೂಂಗಾ, ಮೂಗ. ಒಳಗೆ ಹುಳ ಸತ್ತು ಕರಗಿ ಅಂಟ್ಕೊಂಡದೆ. ಇಂಥದ್ದು ನಾಲ್ಕು ನೀರಿಗೆ ಬಿದ್ರೆ ಸಾಕು, ಒಲೆಯೆಲ್ಲ ಹಾಳು." ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಬೆಳ್ಳಗಿದ್ದವು.

"ಮತ್ತೆ ನಾನು ಬೇಡ ಅಂದಾಗ ಯಾಕಮ್ಮ ಹೇಳ್ಲಿಲ್ಲ?" ಎಂದ ಮಾವ.

"ನೀವು ಓದಿರೋರು. ಕೈಯಲ್ಲಿ ಗಡಿಯಾರ ಬೇರೆ ಇತ್ತು. ಕೇಳ್ಲಿಲ್ಲ, ಹೇಳ್ಲಿಲ್ಲ."

ನಾರಾಯಣಪ್ಪನವರ ಸಿಟ್ಟು ಇಷ್ಟಕ್ಕೆ ಇಳಿಯಲಿಲ್ಲ, ಹೆಚ್ಚೇ ಆಯಿತು. ಆಗ ರತ್ನಮ್ಮ ತಂದೆಗೆ ಹೇಳಿದ ಮಾತನ್ನು ಮಾವ ಸಾಯುವವರೆಗೂ ಎಲ್ಲರಿಗೂ ಹೇಳುತ್ತಿದ್ದ. "ಅಪ್ಪಾ, ಹೋದ ಮಳೆಗಾಲದಲ್ಲೂ ನಮ್ಮ ನೂಲು ಒಂದ್ಸಲ ಹಾಳಾಯ್ತಲ್ಲ. ಎಲ್ಲಿ ತಪ್ಪಾಯ್ತು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಇವರ ತಪ್ಪು ಎಲ್ಲಿ ಅಂತ ಈ ಹಾಳೆ ಮೇಲೆ ಬೆರಳಿಟ್ಟು ತೋರಿಸ್ಬೋದು. ಇನ್ನೊಂದು ನಾಲ್ಕು ದಿನ ಕೊಡಿ."

ನಾರಾಯಣಪ್ಪನವರು ಚಾರ್ಟನ್ನು ನೋಡಿದರು, ಮಗಳನ್ನು ನೋಡಿದರು. ಮಗಳು ಯಾರ ಪರವಾಗಿ ಮಾತಾಡುತ್ತಿದ್ದಾಳೆಂದು ಅರ್ಥವಾಗದಷ್ಟು ದಡ್ಡರೇನೂ ಅಲ್ಲ. ನೂಲನ್ನು ಕಂಬಕ್ಕೆ ಸುತ್ತಿ ಒಳಗೆ ಹೋದರು.

ಮಾವ ಗಡಿಯಾರವನ್ನು ನನ್ನ ಕೈಗೆ ಕೊಟ್ಟು ಖಮರ್‌ಬೀಯ ಒಲೆಯ ಪಕ್ಕ ನೆಲದ ಮೇಲೆ ಕೂತ. ನಾಲ್ಕು ದಿನ ಕೂತ. ಒಂದೊಂದು ಗೂಡನ್ನೂ ಕಿವಿಗೆ ಹಿಡಿದು "ಇದು?" ಎನ್ನುವನು. ಆಕೆ ದೂರದಿಂದಲೇ "ಬೇಡ, ಮೂಗ" ಎನ್ನುವಳು. ಅವನಿಗೆ ಎಲ್ಲವೂ ಒಂದೇ ಥರ ಕೇಳಿಸುವುದು. ಇದನ್ನು ಯಾವ ಗಡಿಯಾರದಿಂದಲೂ ಅಳೆಯಲಾಗದು, ಆದರೆ ಇನ್ನಿಬ್ಬರಿಗೆ ಕಲಿಸಬಹುದು ಎಂದು ಕೊನೆಗೆ ಗೊತ್ತಾಯಿತು. ಹೊಸ ಚಾರ್ಟಿನಲ್ಲಿ ಖಮರ್‌ಬೀಯ ಜೊತೆ ಇನ್ನಿಬ್ಬರು ಹೆಂಗಸರು ಅಲ್ಲಾಡಿಸಿ ನೋಡುವವರಾದರು. ಆಕೆಯೇ ಕಲಿಸಿದಳು. ಮೂರು ಜನ ಸೇರಿ ನೋಡಿದ್ದರಿಂದ ಉಳಿದ ಒಲೆಗಳು ಬುಟ್ಟಿಗಾಗಿ ಕಾಯುವುದು ನಿಂತಿತು. ಮಳೆ ಗೂಡು ಮತ್ತೆ ಬಂದಾಗ ನೀರು ತಿಳಿಯಾಗಿಯೇ ಉಳಿಯಿತು. ಹೊಸ ಚಾರ್ಟಿನಲ್ಲಿ ಗೂಡು ಅಲ್ಲಾಡಿಸುವ ಜಾಗದಲ್ಲಿ ಮಾವ ನನ್ನನ್ನು ಬರೆಯಲು ಬಿಡಲಿಲ್ಲ. ಚೌಕದ ಬದಲು ತಾನೇ ಒಂದು ಕಿವಿ ಬರೆದ. ಚಿತ್ರ ಬರೆಯುವುದರಲ್ಲಿ ಅವನು ಅಕ್ಷರ ಬರೆಯುವುದಕ್ಕಿಂತ ಕಡೆ. ನಾರಾಯಣಪ್ಪನವರು ಬಂದು ನೋಡಿ, "ಎಲ್ಲಾ ಸರಿ, ಗೋಡಂಬಿ ಯಾಕಪ್ಪ ಬರ್ದಿದೀಯ?" ಅಂದರು. ಅವರು ಮಾವನನ್ನು ಅಪ್ಪ ಎಂದದ್ದು ಅದೇ ಮೊದಲು. ಮದುವೆ ಆಯಿತೆಂದು ಬೇರೆ ಹೇಳಬೇಕಾಗಿಲ್ಲವಲ್ಲ.

ಆಮೇಲೆ ಮಾವ ಎಲ್ಲಿ ಹೋದರೂ ಅದೇ ಕ್ರಮ. ಮೊದಲು ಕೂರುವುದು, ಆಮೇಲೆ ಕೇಳುವುದು, ಗಡಿಯಾರ ಕಡೆಯಲ್ಲಿ. ಅತ್ತೆ, ಅಂದರೆ ರತ್ನಮ್ಮ, ಎಷ್ಟೋ ಕಡೆ ಜೊತೆಗೆ ಹೋಗುತ್ತಿದ್ದಳು. ಹೆಂಗಸರು ಮಾವನಿಗೆ ಹೇಳದಿದ್ದುದನ್ನು ಆಕೆಗೆ ಹೇಳುತ್ತಿದ್ದರು. ಕೆಲಸ ಮಾಡುವವರು ತಾವೇ ಏನನ್ನೋ ನೋಡಿ, ಮೂಸಿ, ಮುಟ್ಟಿ ತೀರ್ಮಾನ ಮಾಡುವ ಕಡೆಯಲ್ಲೆಲ್ಲ ಚಾರ್ಟಿನಲ್ಲಿ ಒಂದು ಕಿವಿ ಬರುವುದು. ಚಿಂತಾಮಣಿಯ ಪುರಿ ಭಟ್ಟಿಯಲ್ಲಿ ಮೂರು ಕಿವಿ. ಚಿಕ್ಕಬಳ್ಳಾಪುರದ ಆಲೂಗಡ್ಡೆ ಮಂಡಿಯಲ್ಲಿ ಒಂದೇ. ಮನೆಯಲ್ಲಿ ಅತ್ತೆಯ ಅಡುಗೆಗೊಂದು ಚಾರ್ಟು ಬರೆಯಹೋಗಿ, ಹಾಳೆಯ ತುಂಬ ಕಿವಿಯೇ ಆಗಿ, ಅರ್ಧಕ್ಕೆ ಕೈಬಿಟ್ಟನೆಂದು ಅತ್ತೆ ನಗುತ್ತಿದ್ದಳು.

ಈಗ ಗೌರಿಬಿದನೂರಿನ ಹತ್ತಿರದ ಕುಡುಮಲಕುಂಟೆಯಲ್ಲಿ ಕಾರ್ಖಾನೆಗಳ ಸಾಲೇ ಇದೆ. ಆಗ ಆ ಕಡೆ ಇದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು. ಅಲ್ಲಿಯ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನ ಗೋಡೆಯ ಮೇಲೆ ಮಾವನ ಚಾರ್ಟು ತೂಗುಹಾಕಿತ್ತು. ಅರವತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಇಬ್ಬರು ಎಂಜಿನಿಯರುಗಳು ಯಾವುದೋ ಕೆಲಸಕ್ಕೆ ಬಂದವರು ಅದನ್ನು ನೋಡಿದರು. ಅವರ ಸಂಸ್ಥೆಗೆ ಹೊಸದಾಗಿ ಕಂಪ್ಯೂಟರು ಬಂದಿತ್ತು. ಒಂದು ಕೋಣೆ ತುಂಬುವ ಯಂತ್ರ, ಮಾಡಬೇಕಾದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳದಿದ್ದರೆ ಅದಕ್ಕೆ ಏನೂ ತಿಳಿಯದು. ಹಾಗೆ ಹೇಳುವುದಕ್ಕೆ ಅವರೂ ಚೌಕ ಬಾಣಗಳನ್ನೇ ಬರೆಯುತ್ತಿದ್ದರು. ಮದುವೆಯ ಮೇಲೆ ಶಿಡ್ಲಘಟ್ಟದಲ್ಲೇ ಮನೆ ಮಾಡಿದ್ದ ಮಾವನನ್ನು ಹುಡುಕಿಕೊಂಡು ಬಂದರು. ನಾನೂ ಆವತ್ತು ಮಾವನ ಜಗುಲಿಯಲ್ಲಿದ್ದೆ.

ಅವರು ತಮ್ಮ ಹಾಳೆ ಬಿಚ್ಚಿ ತೋರಿಸಿದರು. ಚೌಕಗಳ ನಡುವೆ ಅಲ್ಲಲ್ಲಿ ಬರ್ಫಿ ತುಂಡಿನ ಹಾಗೆ ಒಂದು ವಜ್ರದಾಕಾರ.

"ಇಲ್ಲೇನಾಗುತ್ತಪ್ಪ?" ಎಂದು ಮಾವ ಕೇಳಿದ.

"ಅಲ್ಲಿ ಹೌದೋ ಅಲ್ವೋ ಅಂತ ತೀರ್ಮಾನ ಆಗುತ್ತೆ ಸಾರ್."

"ಯಾರು ತೀರ್ಮಾನ ಮಾಡೋದು?"

"ಮಿಷೀನು."

"ಅದಕ್ಕೆ ಯಾರು ಹೇಳ್ಕೊಟ್ರು?"

"ನಾವೇ ಸಾರ್."

"ನಿಮಗೆ?"

ಒಬ್ಬ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟ. ಅತ್ತೆ ಒಳಗಿನಿಂದ ಮಜ್ಜಿಗೆ ತಂದಳು. ಆವತ್ತು ಅವರು ಸಂಜೆಯ ಬಸ್ಸು ತಪ್ಪಿಸಿಕೊಂಡು ಅಲ್ಲೇ ಊಟ ಮಾಡಿ ಉಳಿದರು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಮಾವ ಬೆಂಗಳೂರಿಗೆ ಹೋಗಿ, ಯಂತ್ರಕ್ಕೆ ಹೇಳಿಕೊಡುವ ಹುಡುಗರಿಗೆ ಹೇಳಿಕೊಡುವವನಾದ. ಪ್ರೋಗ್ರಾಮು ಬರೆಯುವ ಮುಂಚೆ ಆ ಕೆಲಸ ಮಾಡುವವರ ಪಕ್ಕ ನಾಲ್ಕು ದಿನ ಕೂತು ಬರಬೇಕೆಂಬುದು ಅವನ ಮೊದಲ ಪಾಠ. ಈಗ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆಯಂತೆ, ನನ್ನ ಮಗನೇ ಹೇಳಿದ. ಆ ಯಂತ್ರವನ್ನು ಮಾವ ಮುಟ್ಟಲೇ ಇಲ್ಲ. "ಅದನ್ನ ತಣ್ಣನೆ ಕೋಣೇಲಿ ಇಟ್ಟಿದಾರೆ ಕಣೋ, ನಂಗೆ ಶೀತ ಆಗುತ್ತೆ" ಎಂದು ಶಾಲು ಹೊದ್ದುಕೊಂಡು ಹೊರಗಿನ ಬೆಂಚಿನ ಮೇಲೆ ಪಾಠ ಹೇಳುತ್ತಿದ್ದ. ಮಧ್ಯಾಹ್ನ ಹುಡುಗರೆಲ್ಲ ಅವನ ಸುತ್ತ ಕೂತು ಬುತ್ತಿ ಬಿಚ್ಚುತ್ತಿದ್ದರಂತೆ. ಯಂತ್ರದ ವಿಷಯ ಬಿಟ್ಟು ಇದೊಂದನ್ನು ಅವನು ನನಗೆ ಮತ್ತೆ ಮತ್ತೆ ಹೇಳಿದ.

ಹಾಗೆ ಅವನು ಬೆಂಗಳೂರಿಗೆ ಹೋಗಿದ್ದ ಒಂದು ದಿನ ನಾನು ಅತ್ತೆಯ ಮುಂದೆ ತಪ್ಪೊಪ್ಪಿಕೊಂಡೆ. ಹತ್ತು ವರ್ಷ ಹೊತ್ತುಕೊಂಡಿದ್ದ ಭಾರ. "ಅತ್ತೆ, ಆ ಚಾರ್ಟಿನಲ್ಲಿ 'ಸುಮ್ಮನೆ' ಅಂತ ಸೇರಿಸಿದ್ದು ನಾನು" ಎಂದೆ.

ಆಕೆ ಹುರುಳಿಕಾಯಿ ಮುರಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಗೊತ್ತು ಕಣಪ್ಪ. ಅವರ ನೋಟ್‌ಬುಕ್ಕು ನಾನು ಆವತ್ತೇ ನೋಡಿದ್ದೆ. ಅವರಿಗೂ ಗೊತ್ತು."

"ಮತ್ತೆ ತಪ್ಪು ನಂದು ಅಂತ ಯಾಕೆ ಅಂದ?"

"ನೀನು ಬರೆದೆ, ಅವರು ನಂಬಿ ಗೆರೆ ಎಳೆದ್ರು. ನಿಂದೂ ಕೇಳದೆ ಬರೆದಿದ್ದು, ಅವರದೂ ಕೇಳದೆ ಎಳೆದಿದ್ದು. ನಿಂದನ್ನ ನೀನೇ ಹೇಳ್ಲಿ ಅಂತ ಬಿಟ್ಟಿದ್ರು." ಒಂದು ಹಿಡಿ ಹುರುಳಿಕಾಯಿ ನನ್ನ ಮುಂದೆ ಹಾಕಿ, "ಮುರಿ, ಸುಮ್ನೆ ಕೂತಿದೀಯಲ್ಲ" ಅಂದಳು. ನನಗೆ ಅಳುವೂ ಬಂತು, ನಗುವೂ ಬಂತು.

ಇಷ್ಟೆಲ್ಲ ಆಗಿಯೂ, ಈ ವಯಸ್ಸಿನಲ್ಲಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಮತ್ತೆ ಅದನ್ನೇ ಬರೆದು ಕೂತಿದ್ದೆ ನೋಡಿ. ಮಾವ, ಅತ್ತೆ ಇಬ್ಬರೂ ಈಗಿಲ್ಲ. ಇದ್ದಿದ್ದರೆ ಮುಖ ತೋರಿಸುವುದು ಹೇಗಿತ್ತೋ. ಹಾಳೆ ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೋದೆ. ಲಕ್ಷ್ಮೀದೇವಮ್ಮ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದಳು. ಬಾಗಿಲ ಬಳಿ ಸ್ಟೂಲು ಎಳೆದುಕೊಂಡು ಕೂತೆ.

"ಲಕ್ಷ್ಮೀದೇವಮ್ಮ, ಬೈಯೋದಕ್ಕಲ್ಲ ಕೇಳೋದು. ನಾನು ಸ್ನಾನಕ್ಕೆ ಹೋದಾಗ ಪಾತ್ರೆ ಹಿಡ್ಕೊಂಡು ಇಲ್ಲಿ ನಿಂತಿರ್ತೀಯಲ್ಲ, ಯಾಕಮ್ಮ?"

ಆಕೆ ಮೊದಲು ಏನೂ ಇಲ್ಲ ಎಂದಳು. ನಾನು ಕೂತೇ ಇದ್ದೆ. ಕೊನೆಗೆ ಕೈ ತೊಳೆದುಕೊಂಡು ಹೇಳಿದಳು.

"ಮುಂಚೆ ನಾನು ಮಾಡ್ತಿದ್ದ ಮನೇಲಿ ಒಬ್ರು ತಾತ ಇದ್ರು ಮೇಷ್ಟ್ರೆ. ಬಚ್ಚಲಲ್ಲಿ ಜಾರಿ ಬಿದ್ರು. ಪಾಪ, ಕೂಗಿದ್ರಂತೆ. ನಾನು ಅಡುಗೆಮನೇಲಿ ಒಗ್ಗರಣೆ ಹಾಕ್ತಿದ್ದೆ, ಆ ಸದ್ದಲ್ಲಿ ಕೇಳಿಸ್ಲೇ ಇಲ್ಲ. ಅದಕ್ಕೆ ನೀವು ಒಳಗೆ ಹೋದ್ರೆ ನಾನು ಒಲೆ ಹಚ್ಚಲ್ಲ. ಚೊಂಬಿನ ಸದ್ದು ಕೇಳ್ತಾ ಇರ್ತೀನಿ. ನೀವು ಚಿಲಕ ತೆಗೆದ್ರಿ ಅಂದ್ಮೇಲೆ ಹಾಲು ಇಡ್ತೀನಿ. ಕಾಫಿ ತಡ ಆಗುತ್ತಾ?"

"ಇಲ್ಲಮ್ಮ, ಇಲ್ಲ" ಅಂದೆ. ಅಲ್ಲೇ ಕೂತು ನಾಲ್ಕನೆಯ ಚೌಕವನ್ನು ಅಳಿಸಿ, ಅದರ ಜಾಗದಲ್ಲಿ ಒಂದು ಕಿವಿ ಬರೆದೆ. ಲಕ್ಷ್ಮೀದೇವಮ್ಮ ಬಗ್ಗಿ ನೋಡಿ, "ಗೋಡಂಬಿ ತರಿಸ್ಬೇಕಾ ಮೇಷ್ಟ್ರೆ?" ಎಂದು ಕೇಳಿದಳು.

ಮಾರನೆಯ ದಿನ ಸ್ನಾನಕ್ಕೆ ಹೋದಾಗ ಚೊಂಬನ್ನು ಬಕೆಟ್ಟಿಗೆ ಆಗಾಗ ಸ್ವಲ್ಪ ಜೋರಾಗಿಯೇ ತಗುಲಿಸಿದೆ. ಮುಗಿದ ಮೇಲೆ, ಚಿಲಕ ತೆಗೆಯುವುದಕ್ಕೂ ಮುಂಚೆ, ಒಳಗಿನಿಂದಲೇ "ಆಯ್ತಮ್ಮಾ" ಎಂದು ಕೂಗಿದೆ. ಅಡುಗೆಮನೆಯಲ್ಲಿ ಒಲೆ ಹಚ್ಚಿದ ಸದ್ದು ಕೇಳಿಸಿತು.